ಹಳೇ ವಾಲ್ವ್ ಸ್ಟೀರಿಯೋ ಕನ್ಸೋಲ್: ಗುಂಯ್ ಸದ್ದು, ಕೆಂಪಾಗುವ ವಾಲ್ವ್, ತಿರುಗಲು ಮುಷ್ಕರ ಹೂಡಿದ ತಟ್ಟೆ

ಪ್ರಶ್ನೆ: ಸರ್, 1960ರ ದಶಕದ ಆರಂಭದ ಸ್ಟೀರಿಯೋ ಕನ್ಸೋಲ್. ಒಂದೇ ಮರದ ಪೆಟ್ಟಿಗೆಯಲ್ಲಿ ರೇಡಿಯೋ, ರೆಕಾರ್ಡ್ ಚೇಂಜರ್ (ರೆಕಾರ್ಡ್‌ಗಳನ್ನು ತಾನಾಗಿಯೇ ಬದಲಿಸುವ ಪ್ಲೇಯರ್), ಎರಡೂ ತುದಿಗೆ ಸ್ಪೀಕರ್. ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವ್ ಚಾನೆಲ್‌ಗೊಂದು ಇಎಲ್84, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಇಝಡ್81. ಇಪ್ಪತ್ತು ವರ್ಷ ಸುಮ್ಮನೆ ಕೂತಿತ್ತು. ಪ್ಲಗ್ ಹಾಕಿದರೆ ಜೋರಾಗಿ ಗುಂಯ್ ಅನ್ನುತ್ತೆ, ವಾಲ್ಯೂಮ್ ಪೂರ್ತಿ ಇಳಿಸಿದರೂ ಹೋಗಲ್ಲ. ಎಡ ಚಾನೆಲ್‌ದು ಒಡಕು ದನಿ. ಹತ್ತು ನಿಮಿಷಕ್ಕೆ ಆ ಬದಿಯ ಇಎಲ್84 ಒಳಗಿನ ತಗಡು ಕೆಂಪಗಾಯಿತು, ಆಫ್ ಮಾಡಿಬಿಟ್ಟೆ. ತಟ್ಟೆ ನಿಧಾನ ತಿರುಗುತ್ತೆ, ರೆಕಾರ್ಡ್ ಮುಗಿದರೂ ಆರ್ಮ್ ವಾಪಸ್ ಬರಲ್ಲ. ಹೊಸ ವಾಲ್ವ್ ಸೆಟ್ ತರಿಸಲಾ?

ಉತ್ತರ: ತರಿಸಬೇಡಿ. ಈಗ ಹೊಸ ಇಎಲ್84 ಹಾಕಿದರೆ ಅದೂ ಹತ್ತು ನಿಮಿಷದಲ್ಲಿ ಕೆಂಪಗಾಗಬಹುದು. ಗುಂಯ್, ಒಡಕು ದನಿ, ಕೆಂಪಾಗುವುದು, ಇವಕ್ಕೆಲ್ಲ ವಾಲ್ವ್‌ಗಿಂತ ಮೊದಲು ಅನುಮಾನಿಸಬೇಕಾದ್ದು ಕೆಪಾಸಿಟರ್‌ಗಳನ್ನು. ಇನ್ನು ಮುಂದೆ ನೇರ ಪ್ಲಗ್‌ಗೆ ಹಾಕಲೇಬೇಡಿ.

ಮೊದಲು ಸೀರೀಸ್ ಬಲ್ಬ್ ಕಟ್ಟಿಕೊಳ್ಳಿ. ಫೇಸ್ ವೈರಿನಲ್ಲಿ ಸೆಟ್‌ಗೆ ಸೀರೀಸಾಗಿ 100 ವ್ಯಾಟ್‌ನ ತಂತಿ ಬಲ್ಬ್, ಎಲ್‌ಇಡಿ ನಡೆಯಲ್ಲ. ಇಝಡ್81 ತೆಗೆದಿಟ್ಟು ಆನ್ ಮಾಡಿ. ಆಗ ಉರಿಯೋದು ವಾಲ್ವ್‌ಗಳ ಹೀಟರ್ ಮಾತ್ರ, ಬಲ್ಬ್ ಮಂದವಾಗಿರಬೇಕು. ಪೂರ್ತಿ ಬೆಳ್ಳಗೆ ಉರಿದರೆ ಟ್ರಾನ್ಸ್‌ಫಾರ್ಮರ್ ಅಥವಾ ಅದರ ವೈರಿಂಗ್ ಶಾರ್ಟ್ ಆಗಿದೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ. ಮಂದವಾಗಿದ್ದರೆ ಆಫ್ ಮಾಡಿ ಇಝಡ್81 ಹಾಕಿ, ಮತ್ತೆ ಆನ್ ಮಾಡಿ. ಅರ್ಧ ನಿಮಿಷದೊಳಗೆ ಬಲ್ಬ್ ಸ್ವಲ್ಪ ಪ್ರಕಾಶ ಏರಿ ಅಲ್ಲೇ ನಿಂತರೆ ಸರಿ, ಏರುತ್ತಲೇ ಹೋದರೆ ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಕೈಕೊಟ್ಟಿದೆ.

ಕೆಲವರು ವೇರಿಯಾಕ್‌ನಲ್ಲಿ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಮೆಲ್ಲಗೆ ಏರಿಸಿ ಅಂತಾರೆ. ರೆಕ್ಟಿಫೈಯರೇ ವಾಲ್ವ್ ಆಗಿರುವ ಸೆಟ್‌ನಲ್ಲಿ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಅದರ ಹೀಟರ್ ಸಾಕಷ್ಟು ಕಾಯುವವರೆಗೆ ಎಚ್‌ಟಿ (ವಾಲ್ವ್‌ಗಳಿಗೆ ಹೋಗುವ ಹೆಚ್ಚಿನ ಡಿಸಿ ವೋಲ್ಟೇಜ್) ಬರುವುದೇ ಇಲ್ಲ, ಕಾದ ಮೇಲೆ ಒಮ್ಮೆಲೇ ಬರುತ್ತೆ.

ಷಾಸಿಗೆ (ಭಾಗಗಳೆಲ್ಲ ಕೂತಿರುವ ಲೋಹದ ತಳ) ಕೈ ಹಾಕುವ ಮುಂಚೆ ಪ್ಲಗ್ ಕಿತ್ತು, 2.2 ಕಿಲೋಓಮ್ 5 ವ್ಯಾಟ್ ರೆಸಿಸ್ಟರ್‌ನ ಒಂದು ಕಾಲನ್ನು ಷಾಸಿಗೆ ಕ್ಲಿಪ್ ಮಾಡಿ, ಇನ್ನೊಂದನ್ನು ಇನ್ಸುಲೇಟೆಡ್ ಹಿಡಿಯ ತುದಿಗೆ ಕಟ್ಟಿ ಪ್ರತಿ ಫಿಲ್ಟರ್ ತುದಿಗೂ ಐದೈದು ಸೆಕೆಂಡ್ ಮುಟ್ಟಿಸಿ. ಆಮೇಲೆ ಮೀಟರ್‌ನಲ್ಲಿ ನೋಡಿ, 10 ವೋಲ್ಟ್‌ಗಿಂತ ಕಡಿಮೆ ಇದ್ದರೆ ಮಾತ್ರ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಚಟಾರ್ ಅಂತ ಶಾರ್ಟ್ ಮಾಡುವ ಚಾಳಿ ಬೇಡ.

ಪ್ರಶ್ನೆ: ಬಲ್ಬ್ ಪರೀಕ್ಷೆ ಮಾಡಿದೆ. ಇಝಡ್81 ಇಲ್ಲದೆ ಮಂದ, ಹಾಕಿದ ಮೇಲೆ ಸ್ವಲ್ಪ ಹೆಚ್ಚಾಗಿ ನಿಂತಿತು. ಗುಂಯ್ ಹಾಗೇ ಇದೆ. ಫಿಲ್ಟರ್ ಒಂದೇ ಅಲ್ಯೂಮಿನಿಯಂ ಡಬ್ಬಿ, ಮೇಲೆ 50+50+30 ಅಂತಿದೆ. ಅಂಥದ್ದು ಸಿಗುತ್ತಿಲ್ಲ. 100 ಮೈಕ್ರೋಫ್ಯಾರಡ್ ಹಾಕಿದರೆ ಗುಂಯ್ ಇನ್ನೂ ಕಡಿಮೆ ಆಗಲ್ವಾ?

ಉತ್ತರ: ವಾಲ್ಯೂಮ್ ಇಳಿಸಿದರೂ ಬಗ್ಗದ ಗುಂಯ್ ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲೆ ಸೇರಿಕೊಳ್ಳುತ್ತಿರುವುದು, ಸಾಮಾನ್ಯವಾಗಿ ಫಿಲ್ಟರ್‌ನಿಂದ. 50 ಹರ್ಟ್ಸ್ ಕರೆಂಟಿನಲ್ಲಿ ಅದು 100 ಹರ್ಟ್ಸ್ ಸದ್ದು, ಸ್ವಲ್ಪ ಒರಟು. ವಾಲ್ಯೂಮ್ ಜೊತೆ ಏರಿಳಿಯುವ ಮೆತ್ತನೆ 50 ಹರ್ಟ್ಸ್ ಗುಂಯ್ ಬೇರೆ ಜಾತಿ. ಅದು ಅರ್ತಿಂಗ್ ಅಥವಾ ಫೋನೋ (ರೆಕಾರ್ಡ್ ಪ್ಲೇಯರ್) ವೈರಿನ ತಕರಾರು.

ಡಬ್ಬಿಯೊಳಗಿನ ಮೂರರಲ್ಲಿ ರೆಕ್ಟಿಫೈಯರ್ ಪಕ್ಕದ ಮೊದಲ ಸೆಕ್ಷನ್‌ಗೆ 100 ಹಾಕಬೇಡಿ. ಇಝಡ್81ಕ್ಕೆ ಮೊದಲ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ದಾಟಬಾರದು. ದೊಡ್ಡದಾದಷ್ಟೂ ಪ್ರತಿ ಸೈಕಲ್‌ನಲ್ಲಿ ವಾಲ್ವ್ ಎಳೆಯುವ ಕರೆಂಟಿನ ತುದಿ ಏರಿ ಅದರ ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡಿಸುವ ಭಾಗ) ಹಾಳಾಗುತ್ತೆ. 50ಕ್ಕೆ ಈಗ ಸಿಗುವ 47, 30ಕ್ಕೆ 33, ಎಲ್ಲವೂ 450 ವೋಲ್ಟ್, 105 ಡಿಗ್ರಿಯವು ಸಾಕು.

ಯಾವ ಸೆಕ್ಷನ್ ಯಾವುದು ಅಂತ ತಿಳಿಯಲು ಡಬ್ಬಿಯ ಬುಡ ನೋಡಿ. ಕಂದು ಹಲಗೆಯಲ್ಲಿ ಪ್ರತಿ ಟ್ಯಾಗ್ ಪಕ್ಕ ಅರ್ಧಚಂದ್ರ, ಚೌಕ, ತ್ರಿಕೋನ ಕೊರೆದಿರುತ್ತಾರೆ. ಅದೇ ಗುರುತು ಡಬ್ಬಿಯ ಮೈಮೇಲೆ ಅಂಕಿಯ ಮುಂದೆ ಇರುತ್ತೆ. ಕೆಲವು ಡಬ್ಬಿಗಳಲ್ಲಿ ಬುಡದಲ್ಲಿ ಬಣ್ಣದ ಚುಕ್ಕೆ. ಫೋಟೋ ತೆಗೆದಿಟ್ಟುಕೊಂಡೇ ವೈರ್ ಬಿಚ್ಚಿ.

ಇನ್ನೆರಡು ಮಾತು. ಹೊಸದನ್ನು ಹಳೆಯದರ ಮೇಲೇ ಪ್ಯಾರಲಲ್ ಬೆಸೆಯಬೇಡಿ. ಹಳೆಯದು ಸೋರುತ್ತಲೇ ಇರುತ್ತೆ, ಒಂದು ದಿನ ಶಾರ್ಟ್ ಆಗುತ್ತೆ. ಡಬ್ಬಿ ಚೆಂದಕ್ಕೆ ಮೇಲೆ ಇರಲಿ, ವೈರ್‌ಗಳನ್ನೆಲ್ಲ ಬಿಚ್ಚಿ ಹೊಸ ಟ್ಯಾಗ್ ಸ್ಟ್ರಿಪ್ (ಬೆಸೆಯುವ ಕಿವಿಗಳಿರುವ ಪಟ್ಟಿ) ಮೇಲೆ ಕಟ್ಟಿ. ಹಾಗೇ ಡಬ್ಬಿ ಮತ್ತು ಷಾಸಿ ನಡುವೆ ಫೈಬರ್ ತಗಡು ಇದೆಯಾ ನೋಡಿ. ಇದ್ದರೆ ಅದರ ನೆಗೆಟಿವ್ ನೇರ ಷಾಸಿಗೆ ಹೋಗದೆ, ನಡುವೆ ಬಯಾಸ್ (ವಾಲ್ವ್‌ನ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್ ವೋಲ್ಟೇಜ್) ರೆಸಿಸ್ಟರ್ ಇರಬಹುದು. ಹೊಸ ಕೆಪಾಸಿಟರ್‌ಗಳ ನೆಗೆಟಿವ್ ಅನ್ನು ಷಾಸಿಗೆ ಬೆಸೆದರೆ ಆ ರೆಸಿಸ್ಟರನ್ನೇ ದಾಟಿಸಿಬಿಟ್ಟಂತೆ, ಬಯಾಸ್ ಹೋಯಿತು.

ಮತ್ತೊಬ್ಬ ಸದಸ್ಯರು: ಇಝಡ್81 ಕಿತ್ತು ಎರಡು ಸಿಲಿಕಾನ್ ಡಯೋಡ್ ಹಾಕಿದರೆ ಜಂಜಾಟವೇ ಇಲ್ಲವಲ್ಲ?

ಉತ್ತರ: ಜಂಜಾಟ ಬೇರೆ ಕಡೆ ಶುರುವಾಗುತ್ತೆ. ವಾಲ್ವ್‌ನಲ್ಲಿ ಬೀಳುತ್ತಿದ್ದ ವೋಲ್ಟೇಜ್ ಉಳಿದು ಎಚ್‌ಟಿ ಏರುತ್ತೆ. ಉಳಿದ ವಾಲ್ವ್‌ಗಳು ಕಾಯುವ ಮುಂಚೆಯೇ, ಲೋಡ್ ಇಲ್ಲದಾಗ, ಪೂರ್ತಿ ವೋಲ್ಟೇಜ್ ಕೆಪಾಸಿಟರ್‌ಗಳ ಮೇಲೆ ಕೂರುತ್ತೆ. ಇಎಲ್84 ಮೊದಲೇ ಮಿತಿಯ ಅಂಚಿನಲ್ಲಿ ಕೆಲಸ ಮಾಡುವ ವಾಲ್ವ್. ಇಝಡ್81 ನೆಟ್ಟಗಿರುವಾಗ ಅದನ್ನು ಕೀಳುವ ಕಾರಣ ನನಗಂತೂ ಕಾಣಲ್ಲ.

ಪ್ರಶ್ನೆ: ಫಿಲ್ಟರ್ ಬದಲಾಯಿಸಿದೆ. ಗುಂಯ್ ಬಹುತೇಕ ಹೋಯಿತು. ಎಡ ಇಎಲ್84 ಈಗಲೂ ಕೆಂಪಗಾಗುತ್ತಿದೆ, ಬಲ ಸರಿಯಿದೆ.

ಉತ್ತರ: ಬಲ ಸರಿಯಿರುವುದೇ ನಿಮ್ಮ ಅದೃಷ್ಟ. ಸ್ಟೀರಿಯೋದಲ್ಲಿ ಒಂದೇ ಸರ್ಕ್ಯೂಟ್ ಎರಡು ಸಲ ಇರುತ್ತೆ. ನಕ್ಷೆ ಸಿಗದಿದ್ದರೂ ಚಿಂತೆಯಿಲ್ಲ, ಬಲದ ಪ್ರತಿ ಪಿನ್ನಿನ ವೋಲ್ಟೇಜ್ ಬರೆದುಕೊಂಡು ಎಡದ ಜೊತೆ ಹೋಲಿಸಿ. ಎಲ್ಲಿ ಎರಡೂ ಬೇರೆ ಆಗುತ್ತವೋ ಅಲ್ಲೇ ರೋಗ.

ಇಎಲ್84ರಲ್ಲಿ 2ನೇ ಪಿನ್ ಗ್ರಿಡ್ (ಸಿಗ್ನಲ್ ಬರುವ ಜಾಲರಿ), 3 ಕ್ಯಾಥೋಡ್, 7 ಆನೋಡ್ (ಕೆಂಪಗಾಗುವ ತಗಡು), 9 ಸ್ಕ್ರೀನ್ (ಎರಡನೇ ಜಾಲರಿ). ಮೀಟರ್‌ನ ಕಪ್ಪು ವೈರನ್ನು ಷಾಸಿಗೆ ಕ್ಲಿಪ್ ಮಾಡಿ, ಒಂದೇ ಕೈಯಲ್ಲಿ ಅಳೆಯಿರಿ. ಗ್ರಿಡ್ ಸೊನ್ನೆ ಇರಬೇಕು. ಎಡದಲ್ಲಿ ಪ್ಲಸ್ ಒಂದೆರಡು ವೋಲ್ಟ್ ಬಂದರೂ ತಪ್ಪು. ಹಿಂದಿನ ವಾಲ್ವ್‌ನ ಆನೋಡಿನಿಂದ ಈ ಗ್ರಿಡ್‌ಗೆ ಬರುವ 0.022 ಅಥವಾ 0.01 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಕಾಗದದ್ದು, ಮೇಲೆ ಮೇಣ ಹಚ್ಚಿದ್ದು. ಕಾಲಾಂತರದಲ್ಲಿ ತೇವ ಹೀರಿ ಡಿಸಿ ಸೋರಿಸುತ್ತೆ. ಗ್ರಿಡ್ ರೆಸಿಸ್ಟರ್ 470 ಕಿಲೋಓಮ್ ಇದ್ದರೆ ಕೇವಲ 10 ಮೈಕ್ರೋಆಂಪ್ ಸೋರಿಕೆಗೆ ಗ್ರಿಡ್ ಮೇಲೆ 4.7 ವೋಲ್ಟ್. ಆ ವಾಲ್ವ್‌ಗೆ ಇರುವ ಬಯಾಸೇ ಸುಮಾರು 7 ವೋಲ್ಟ್.

ಆದರೆ ಗ್ರಿಡ್ ಪ್ಲಸ್ ಆದ ಮಾತ್ರಕ್ಕೆ ಕೆಪಾಸಿಟರ್ ಮೇಲೇ ಆರೋಪ ಹೊರಿಸಬೇಡಿ. ಆಫ್ ಮಾಡಿ, ಎಡ ಇಎಲ್84 ತೆಗೆದು, ಮತ್ತೆ ಆನ್ ಮಾಡಿ ಖಾಲಿ ಸಾಕೆಟ್‌ನ 2ನೇ ಪಿನ್ ಅಳೆಯಿರಿ. ಈಗಲೂ ಪ್ಲಸ್ ಇದ್ದರೆ ಕೆಪಾಸಿಟರ್ ಅಪರಾಧಿ. ಸೊನ್ನೆಗೆ ಇಳಿದರೆ ವಾಲ್ವ್ ಒಳಗೆ ಗಾಳಿ ಸೇರಿ ಕೆಟ್ಟಿದೆ. ಪರೀಕ್ಷೆ ಬೇಗ ಮುಗಿಸಿ, ವಾಲ್ವ್ ಇಲ್ಲದಾಗ ಎಚ್‌ಟಿ ಏರಿರುತ್ತೆ.

ಬದಲಿಗೆ ಅಷ್ಟೇ ಮೈಕ್ರೋಫ್ಯಾರಡ್‌ನ 630 ವೋಲ್ಟ್ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹಾಕಿ. ಒಂದು ಸೋರಿದ ಮೇಲೆ ಉಳಿದ ಕಾಗದದವುಗಳ ಆಯಸ್ಸೂ ಅಷ್ಟೇ, ಎರಡೂ ಚಾನೆಲ್‌ಗೆ ಬದಲಾಯಿಸಿ. ಚಪ್ಪಟೆ ಮೈಕಾ ಮತ್ತು ಸೆರಾಮಿಕ್ ಬಿಲ್ಲೆಗಳನ್ನು ಮುಟ್ಟಬೇಡಿ, ಅವು ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ಕರೆಂಟ್ ವೈರಿಗೆ ಅಡ್ಡಲಾಗಿ ಕಾಗದದ ಕೆಪಾಸಿಟರ್ ಇದ್ದರೆ ಅಲ್ಲಿ ಮಾಮೂಲಿ ಫಿಲ್ಮ್ ಬೇಡ. ಫೇಸ್‌–ನ್ಯೂಟ್ರಲ್ ನಡುವೆ ಮೇನ್ಸ್‌ಗೆಂದೇ ಇರುವ ಸುರಕ್ಷತೆಯ ಎಕ್ಸ್ ದರ್ಜೆ, ವೈರಿನಿಂದ ಷಾಸಿಗೆ ವೈ ದರ್ಜೆಯದೇ ಆಗಬೇಕು.

ಆಮೇಲೆ ಕ್ಯಾಥೋಡ್ ನೋಡಿ. ಪಿನ್ 3ರಲ್ಲಿ 7 ವೋಲ್ಟ್ ಇದ್ದು ರೆಸಿಸ್ಟರ್ 135 ಓಮ್ ಆದರೆ 52 ಮಿಲಿಆಂಪ್. ಅದರಲ್ಲಿ ಸ್ಕ್ರೀನ್‌ನ ಪಾಲು ಸುಮಾರು 5 ಕಳೆದು 47, ಆನೋಡ್–ಕ್ಯಾಥೋಡ್ ನಡುವೆ 245 ವೋಲ್ಟ್ ಇದ್ದರೆ ಗುಣಿಸಿ: 11.5 ವ್ಯಾಟ್. ಇಎಲ್84ರ ಮಿತಿ 12. ಲೆಕ್ಕ ಹಾಕುವ ಮುಂಚೆ ರೆಸಿಸ್ಟರನ್ನು ಆಫ್ ಮಾಡಿ ಅಳೆಯಿರಿ, ಇಷ್ಟು ದಿನ ಕೆಂಪಗೆ ಕಾದಿದ್ದರೆ ಅದರ ಓಮ್ ಕೂಡ ಬದಲಾಗಿರಬಹುದು. ಅದರ ಪಕ್ಕದ 25 ವೋಲ್ಟ್ ಎಲೆಕ್ಟ್ರೋಲಿಟಿಕ್ ಕೂಡ ಬದಲಾಯಿಸಿ.

ಮತ್ತೊಬ್ಬ ಸದಸ್ಯರು: ಷಾಸಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಮೇಜಿನ ಮೇಲೆ ಆನ್ ಮಾಡುವಾಗ ಸ್ಪೀಕರ್ ಜೋಡಿಸಲೇಬೇಕಾ?

ಉತ್ತರ: ಜೋಡಿಸಲೇಬೇಕು. ಸ್ಪೀಕರ್ ಇಲ್ಲದೆ ಸಿಗ್ನಲ್ ಬಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸುರುಳಿಯಲ್ಲಿ ವೋಲ್ಟೇಜ್ ಚಿಮ್ಮಿ ಒಳಗೇ ಕಿಡಿ ಹಾರುತ್ತೆ. ಸ್ಪೀಕರ್ ವೈರ್ ಎಟುಕದಿದ್ದರೆ ಚಾನೆಲ್‌ಗೊಂದು 8 ಓಮ್ 10 ವ್ಯಾಟ್ ರೆಸಿಸ್ಟರ್ ಕಟ್ಟಿ. ಟ್ರಾನ್ಸಿಸ್ಟರ್ ಕನ್ಸೋಲ್‌ನಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ಸ್ಪೀಕರ್ ವೈರ್ ಬಿಟ್ಟರೂ ನಡೆಯುತ್ತೆ, ಒಂದಕ್ಕೊಂದು ತಗುಲಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಯಿತು.

ಷಾಸಿ ತೆಗೆಯುವ ಎಲ್ಲರಿಗೂ ಒಂದು ಎಚ್ಚರಿಕೆ. ಯುಸಿಎಲ್82, ಯುಎಲ್84, ಯುವೈ85 ಥರ ‘ಯು’ ಇಂದ ಶುರುವಾಗುವ ವಾಲ್ವ್‌ಗಳಿದ್ದರೆ ಹೀಟರ್‌ಗಳು ಸೀರೀಸಲ್ಲಿ ಇರುತ್ತವೆ, ಷಾಸಿ ನೇರ ಮೇನ್ಸ್‌ಗೇ ಸೇರಿರಬಹುದು. ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಷಾಸಿ ಫೇಸ್. ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಂಥದ್ದನ್ನು ತೆರೆದು ಆನ್ ಮಾಡಬೇಡಿ.

ಪ್ರಶ್ನೆ: ಕಪ್ಲಿಂಗ್ ಬದಲಾಯಿಸಿದ ಮೇಲೆ ಎಡ ಕ್ಯಾಥೋಡ್ 7.1, ಬಲ 7.3. ಕೆಂಪಾಗುತ್ತಿಲ್ಲ. ರೇಡಿಯೋ ಚೆನ್ನಾಗಿ ಹಾಡುತ್ತಿದೆ. ಈಗ ಚೇಂಜರ್ ಸರದಿ.

ಉತ್ತರ: ಎಣ್ಣೆ ಹಾಕುವ ಕೈಯನ್ನು ಮೊದಲು ಕಟ್ಟಿಹಾಕಿ. ಒಳಗಿನ ಗ್ರೀಸ್ ಒಣಗಿ ಮೇಣದಂತೆ ಗಟ್ಟಿಯಾಗಿದೆ, ಅದರ ಮೇಲೆ ಎಣ್ಣೆ ಸುರಿದರೆ ಎರಡು ದಿನ ಚೆನ್ನಾಗಿ ಓಡಿ ಮತ್ತೆ ಹಿಡಿದುಕೊಳ್ಳುತ್ತೆ. ಹಳೆಯದನ್ನು ಪೂರ್ತಿ ತೊಳೆಯಬೇಕು.

ತಟ್ಟೆಯ ನಡುವಿನ ಕ್ಲಿಪ್ ಬಿಡಿಸಿ ತಟ್ಟೆ ಎತ್ತಿ. ಮೋಟರ್‌ನ ಮೆಟ್ಟಿಲು ಪುಲ್ಲಿ, ಪುಲ್ಲಿಯ ತಿರುಗನ್ನು ತಟ್ಟೆಗೆ ದಾಟಿಸುವ ರಬ್ಬರ್ ಐಡ್ಲರ್ ಚಕ್ರ, ತಟ್ಟೆಯ ಒಳಅಂಚು, ಮೂರನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ರಬ್ಬರ್ ಅಂಚು ಕನ್ನಡಿಯಂತೆ ಹೊಳೆಯುತ್ತಿದ್ದರೆ 400ರ ನಯದ ಉಪ್ಪು ಕಾಗದವನ್ನು ಚಕ್ರ ತಿರುಗಿಸುತ್ತಾ ಲಘುವಾಗಿ ತಾಗಿಸಿ, ಕಪ್ಪು ಮಾಸಲಾದರೆ ಸಾಕು. ಉಗುರು ಒತ್ತಿದರೂ ತಗ್ಗದಷ್ಟು ಕಲ್ಲಾಗಿದ್ದರೆ ಹೊಸ ರಬ್ಬರ್ ಹಾಕಿಸದೆ ಗತಿಯಿಲ್ಲ. ಐಡ್ಲರ್‌ನ ಕಂಬಿಗೆ ಒಂದು ಹನಿ ಎಣ್ಣೆ, ಅಂಚಿಗೆ ಸಿಡಿದರೆ ಮತ್ತೆ ಒರೆಸಬೇಕು.

ಮೋಟರ್‌ನ ಎರಡೂ ತುದಿಯ ಕಂಚಿನ ಬುಶ್‌ಗಳಿಗೆ ತೆಳು ಯಂತ್ರದೆಣ್ಣೆ ಎರಡೆರಡು ಹನಿ. ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ಒಂದಷ್ಟು ಸುತ್ತು ತಾನೇ ಓಡಬೇಕು. ಮೋಟರ್ ಕೂತಿರುವ ರಬ್ಬರ್ ಗ್ರಾಮೆಟ್‌ಗಳು ಗಟ್ಟಿಯಾಗಿದ್ದರೆ ಸ್ಪೀಕರ್‌ನಲ್ಲಿ ಗುಡುಗುಡು ಬರುತ್ತೆ, ಅವನ್ನೂ ಬದಲಾಯಿಸಿ.

ಆರ್ಮ್ ವಾಪಸ್ ಬರದಿರುವುದಕ್ಕೆ ಕಾರಣ ಡೆಕ್ (ಚೇಂಜರ್ ಕೂತಿರುವ ಹಲಗೆ) ಕೆಳಗಿನ ದೊಡ್ಡ ಹಲ್ಲುಚಕ್ರದ ಮೇಲಿರುವ ಪುಟ್ಟ ಟ್ರಿಪ್ ನಾಲಿಗೆ. ರೆಕಾರ್ಡಿನ ಕೊನೆಯ ಗೆರೆಯಲ್ಲಿ ಆರ್ಮ್ ಬೇಗ ಒಳಗೆ ಓಡಿದಾಗ ಅದು ಮುಂದೆ ಸರಿದು ತಟ್ಟೆಯ ಹಲ್ಲಿಗೆ ಸಿಕ್ಕಿಕೊಳ್ಳಬೇಕು. ಊದಿದರೆ ಅಲುಗಾಡುವಷ್ಟು ಸಡಿಲ ಇರಬೇಕದು. ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿ, ಎಣ್ಣೆ ಗ್ರೀಸ್ ಎರಡೂ ಬೇಡ. ಬಹಳಷ್ಟು ರಿಪೇರಿ ಕೆಡುವುದೇ ಇಲ್ಲಿ. ಗ್ರೀಸ್ ಬೇಕಿರುವುದು ಜಾರುವ ದೊಡ್ಡ ತಗಡುಗಳಿಗೆ ಮತ್ತು ಕ್ಯಾಮ್ ಹಳ್ಳಕ್ಕೆ, ಅದೂ ತೆಳುವಾಗಿ.

ಮರಳಿ ಕೂರಿಸುವಾಗ ಡೆಕ್‌ನ ಮೂಲೆ ಒತ್ತಿ ನೋಡಿ, ಸ್ಪ್ರಿಂಗ್ ಮೇಲೆ ಕುಣಿಯಬೇಕು. ಸಾಗಾಣಿಕೆಯ ಸ್ಕ್ರೂ ಬಿಗಿಯಾಗೇ ಇದ್ದರೆ, ಸ್ಪೀಕರೂ ಡೆಕ್ಕೂ ಒಂದೇ ಪೆಟ್ಟಿಗೆಯಲ್ಲಿರುವುದರಿಂದ, ವಾಲ್ಯೂಮ್ ಏರಿಸಿದಾಗ ಊಳಿಡುತ್ತೆ.

ಮತ್ತೊಬ್ಬ ಸದಸ್ಯರು: ನಮ್ಮದು 117 ವೋಲ್ಟ್, 60 ಹರ್ಟ್ಸ್ ಸೆಟ್. ಸ್ಟೆಪ್‌ಡೌನ್ ಹಾಕಿದರೂ ಹಾಡು ನಿಧಾನ. ಐಡ್ಲರ್ ಹೊಸದು.

ಉತ್ತರ: ಸ್ಟೆಪ್‌ಡೌನ್ ವೋಲ್ಟೇಜ್ ಇಳಿಸುತ್ತೆ, ಹರ್ಟ್ಸ್ ಬದಲಿಸಲ್ಲ. ಮೋಟರ್ ಓಡುವುದು ಹರ್ಟ್ಸ್ ಲೆಕ್ಕದಲ್ಲಿ, 33⅓ ಸುತ್ತು 27.8ಕ್ಕೆ ಇಳಿದಿದೆ. ಆ ಮಾದರಿಯ 50 ಹರ್ಟ್ಸ್ ಪುಲ್ಲಿ ಬೇಕು, ಅದು ಐದರಲ್ಲಿ ಒಂದು ಪಾಲು ದಪ್ಪ. ಹಾಕಿದ ಮೇಲೆ ಸ್ಟ್ರೋಬ್ ಕಾರ್ಡ್ (ವೇಗ ಸರಿಯಿದ್ದರೆ ಗೆರೆ ನಿಂತಂತೆ ಕಾಣುವ ಬಿಲ್ಲೆ) ಇಟ್ಟು ನೋಡಿ. 50 ಹರ್ಟ್ಸ್‌ಗೆ 180 ಗೆರೆಯ ವೃತ್ತ, 60ಕ್ಕೆ 216. ತಂತಿ ಬಲ್ಬಿನ ಬೆಳಕಲ್ಲಿ ನೋಡಿ. ಹಲವು ಎಲ್‌ಇಡಿ ಮಿಣುಕುವುದೇ ಇಲ್ಲ, ಗೆರೆ ನಿಂತಂತೆ ಕಾಣಲ್ಲ.

ಪ್ರಶ್ನೆ: ಚೇಂಜರ್‌ನ ಆರ್ಮ್ ಈಗ ತಾನಾಗಿಯೇ ವಾಪಸ್ ಹೋಗುತ್ತಿದೆ. ಆದರೆ ರೇಡಿಯೋ ಜೋರು, ರೆಕಾರ್ಡ್ ಎರಡೂ ಚಾನೆಲ್‌ನಲ್ಲಿ ಪಿಸುಗುಟ್ಟುತ್ತೆ. ಹೊಸ ಮ್ಯಾಗ್ನೆಟಿಕ್ ಕಾರ್ಟ್ರಿಜ್ (ಆರ್ಮ್ ತುದಿಯ ಮುಳ್ಳಿನ ಪಿಕಪ್) ಹಾಕಬಹುದಾ?

ಉತ್ತರ: ರೇಡಿಯೋ ಜೋರಿದ್ದರೆ ಆಂಪ್ಲಿಫೈಯರ್ ನಿರ್ದೋಷಿ. ಹಳೇ ಕ್ರಿಸ್ಟಲ್ ಕಾರ್ಟ್ರಿಜ್‌ನೊಳಗೆ ರೊಶೆಲ್ ಉಪ್ಪಿನ ಹರಳು ಇರುತ್ತೆ, ತೇವಕ್ಕೆ ಅದು ಸಾಯುತ್ತೆ. ಮುಳ್ಳು ಬದಲಾಯಿಸಿದರೆ ಪ್ರಯೋಜನವಿಲ್ಲ.

ಮ್ಯಾಗ್ನೆಟಿಕ್ ಬೇಡ. ಅದು ಕೊಡುವುದು ಕೆಲವೇ ಮಿಲಿವೋಲ್ಟ್, ನಿಮ್ಮ ಸೆಟ್ ಬಯಸುವುದು ವೋಲ್ಟಿನ ಹತ್ತನೇ ಭಾಗಗಳ ಲೆಕ್ಕದಲ್ಲಿ. ಜೊತೆಗೆ ಒಂದೆರಡು ಗ್ರಾಂ ಭಾರದಲ್ಲಿ ಕೂರುವ ಮುಳ್ಳಿಗೆ ಈ ಆರ್ಮ್‌ನ ಟ್ರಿಪ್ ತಳ್ಳುವ ಶಕ್ತಿಯಿಲ್ಲ. ಸ್ಟೀರಿಯೋ ಸೆರಾಮಿಕ್ ಕಾರ್ಟ್ರಿಜ್ ಹಾಕಿ, ಭಾರ ಅದರ ಚೀಟಿಯಲ್ಲಿ ಬರೆದಷ್ಟೇ. ಸಾಮಾನ್ಯವಾಗಿ 4ರಿಂದ 6 ಗ್ರಾಂ, ಪುಟ್ಟ ತಕ್ಕಡಿಯಲ್ಲಿ ತೂಗಿ. ವೈರ್ ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ಹಳೇ ಸೆಟ್‌ಗಳಲ್ಲಿ ಬಣ್ಣ ಬೇರೆಯೂ ಇರಬಹುದು, ಕೀಳುವ ಮುಂಚೆ ಬರೆದಿಡಿ. ಕ್ಲಿಪ್ ಪಿನ್ನಿನ ಮೇಲಿರುವಾಗ ಬೆಸುಗೆ ಮಾಡಬೇಡಿ, ಶಾಖ ಒಳಗೆ ಹೋಗಿ ಹೊಸ ಕಾರ್ಟ್ರಿಜೂ ಕೆಡುತ್ತೆ.

ಪ್ರಶ್ನೆ: ಹಾಕಿದೆ, ದನಿ ತುಂಬಿಕೊಂಡಿತು. ಫೋನೋದಲ್ಲಿ ಮಾತ್ರ ಸಣ್ಣ ಗುಂಯ್, ವಾಲ್ಯೂಮ್ ಜೊತೆ ಏರುತ್ತೆ. ಆರ್ಮ್ ಮುಟ್ಟಿದರೆ ಹೆಚ್ಚಾಗುತ್ತೆ.

ಉತ್ತರ: ಆರ್ಮ್‌ನ ಅರ್ತ್ ಬಿಟ್ಟಿದೆ. ಡೆಕ್ ಕೆಳಗೆ ಆರ್ಮ್ ಬುಡದಿಂದ ಬರುವ ಒಂಟಿ ಕಪ್ಪು ಅಥವಾ ಹೆಣೆದ ತಂತಿ ಷಾಸಿಯ ಸ್ಕ್ರೂವರೆಗೆ ತಲುಪಿದೆಯಾ ಮೀಟರ್‌ನಲ್ಲಿ ನೋಡಿ, ಒಂದು ಓಮ್ ಒಳಗೆ ಬರಬೇಕು. ತಲುಪಿದ್ದರೆ ಫೋನೋ ಪ್ಲಗ್‌ಗಳ ಹೊರ ಕವಚ ತೆಗೆದು ತುಕ್ಕು ಒರೆಸಿ, ಶೀಲ್ಡ್ ಬೆಸುಗೆ ಮತ್ತೆ ಮಾಡಿ. ಅರ್ತ್ ಒಂದೇ ಜಾಗದಲ್ಲಿ ಸೇರಲಿ. ಡೆಕ್ಕಿಗೆ ಒಂದು, ಷಾಸಿಗೆ ಇನ್ನೊಂದು ಅಂತ ಎರಡು ದಾರಿ ಕೊಟ್ಟರೆ ಗುಂಯ್ ಮತ್ತೆ ಬರುತ್ತೆ.