ಭೂಮಿ ವಾಲುತ್ತದೆಯೋ, ವಾಲಿದೆಯೋ?

ಋತುಗಳು ಯಾಕೆ ಬದಲಾಗುತ್ತವೆ ಅಂತ ಅಕ್ಕನ ಮಗಳಿಗೆ ಹೇಳಿಕೊಡುತ್ತಿದ್ದೆ. ಮೇಜಿನ ನಡುವೆ ದೀಪ, ಅವಳ ಕೈಯಲ್ಲಿ ಹೆಣಿಗೆ ಕಡ್ಡಿ ಚುಚ್ಚಿದ ಸ್ಪಂಜಿನ ಚೆಂಡು. 'ನಮ್ಮ ಅರ್ಧಗೋಳ ಸೂರ್ಯನ ಕಡೆ ವಾಲುತ್ತದೆ, ಆಗ ಬೇಸಿಗೆ. ಆಚೆಗೆ ವಾಲುತ್ತದೆ, ಆಗ ಚಳಿಗಾಲ' ಅಂದೆ. ಹೇಳಿದ ಹಾಗೇ ಮಾಡಿದಳು. ಚೆಂಡನ್ನು ಒಂದೇ ಜಾಗದಲ್ಲಿ ಹಿಡಿದು, ಕಡ್ಡಿಯನ್ನು ದೀಪದ ಕಡೆಗೊಮ್ಮೆ ಆಚೆಗೊಮ್ಮೆ ತೂಗಿದಳು. ತಪ್ಪು ಅವಳದ್ದಲ್ಲ, ನಾನು ಬಳಸಿದ ಕ್ರಿಯಾಪದದ್ದು.

'ಗೋಡೆ ವಾಲಿದೆ' ಅಂದರೆ ಅದು ಇರುವ ರೀತಿ. 'ಗೋಡೆ ವಾಲುತ್ತಿದೆ' ಅಂದರೆ ಒಳಗಿದ್ದವರು ಹೊರಗೆ ಓಡಬೇಕು. ಭೂಮಿ ಮೊದಲನೆಯ ಗೋಡೆಯ ಹಾಗೆ. ಅದರ ಅಕ್ಷ (ನಮ್ಮ ಚೆಂಡಿಗೆ ಚುಚ್ಚಿದ ಕಡ್ಡಿ ಇದ್ದ ಹಾಗೆ, ಭೂಮಿ ತಿರುಗುವ ನಡುಗೆರೆ) ಸುಮಾರು 23.4 ಡಿಗ್ರಿ ವಾಲಿದೆ, ವರ್ಷಪೂರ್ತಿ ಹಾಗೇ ಇರುತ್ತದೆ. ಉತ್ತರದ ತುದಿ ಯಾವಾಗಲೂ ಧ್ರುವನಕ್ಷತ್ರದ ಕಡೆಗೇ. ಬದಲಾಗುವುದು ಭೂಮಿ ಇರುವ ಜಾಗ. ಜೂನ್‌ನಲ್ಲಿ ಸೂರ್ಯನ ಒಂದು ಮಗ್ಗುಲಲ್ಲಿದ್ದರೆ ಡಿಸೆಂಬರ್‌ನಲ್ಲಿ ಎದುರು ಮಗ್ಗುಲಲ್ಲಿ. ಹಾಗಾಗಿ ಜೂನ್‌ನಲ್ಲಿ ಸೂರ್ಯನಿಗೆ ಮುಖ ಕೊಟ್ಟ ಉತ್ತರಾರ್ಧ ಡಿಸೆಂಬರ್‌ನಲ್ಲಿ ಬೆನ್ನು ಕೊಟ್ಟಂತಾಗುತ್ತದೆ. (ಅಕ್ಷವೂ ಬುಗುರಿಯ ಹಾಗೆ ದಿಕ್ಕು ಬದಲಿಸುತ್ತದೆ, ನಿಜ. ಆದರೆ ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು.)

'ಸೂರ್ಯನ ಕಡೆಗೆ' ಅನ್ನುವುದೂ ದಾರಿ ತಪ್ಪಿಸುತ್ತದೆ. ಹತ್ತಿರ ಹೋದದ್ದಕ್ಕೇ ಬಿಸಿ ಜಾಸ್ತಿ ಅಂದುಕೊಳ್ಳುತ್ತಾರೆ. ಆದರೆ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಉತ್ತರದವರು ಚಳಿಗೆ ನಡುಗುವಾಗ.

ಹಾಗಾದರೆ ಅಕ್ಷದ ಈ ಸ್ಥಿತಿಗೆ ಯಾವ ಪದ? 'ಬಾಗಿದೆ' ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಕೊಂಬೆ ಬಾಗುತ್ತದೆ, ಬೆನ್ನು ಬಾಗುತ್ತದೆ. ಬಾಗಿದ್ದು ನೆಟ್ಟಗೆ ಇರುವುದಿಲ್ಲ. ಅಕ್ಷವೋ ಕಡ್ಡಿಯಷ್ಟೇ ನೇರ.

ನನಗೆ ಇಷ್ಟವಾದದ್ದು 'ಓರೆ'. ಬಿಸಿಲಿಗೂ ಅದೇ ಪದ ಒಪ್ಪುತ್ತದೆ ಅಲ್ವಾ? ಸೂರ್ಯ ನೆತ್ತಿಯ ಮೇಲಿದ್ದಾಗ ಒಂದು ಅಂಗೈ ಅಗಲಕ್ಕೆ ಬೀಳುವ ಬೆಳಕು, ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದಾಗ ಎರಡು ಅಂಗೈ ಅಗಲಕ್ಕೆ ಹರಡುತ್ತದೆ. ಕಾವು ಅರ್ಧಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಹಗಲೂ ಚಿಕ್ಕದು. ಅಕ್ಷದ ಓರೆಯಿಂದ ಬಿಸಿಲಿನ ಓರೆ: ಕಾರಣ, ಪರಿಣಾಮ ಎರಡೂ ಒಂದೇ ಪದದಲ್ಲಿ ಸಿಗುತ್ತವೆ.

ಒಂದೇ ಅಳುಕು. 'ಓರೆಕೋರೆ ತಿದ್ದು' ಅನ್ನುವಾಗ ಓರೆಗೆ ದೋಷದ ನೆರಳು ಬರುತ್ತದೆ. 'ಅಕ್ಷದ ಓರೆ' ಅಂದಾಗಲೂ ನಿಮ್ಮ ಕಿವಿಗೆ ಅದು ತಟ್ಟುತ್ತದೆಯೇ? ಹಾಗಾದರೆ 'ವಾಲಿಕೆ' ಆದೀತೇ?