ಅಪ್‌ಡೇಟ್: ಪಿಕಪ್‌ನ ಹಿಂದಿನ ಶಾಕ್ ಅಬ್ಸಾರ್ಬರ್, ಕೊನೆಗೆ ಯಾವುದು ಹಾಕಿದ್ದು

ಪುಣೆ ಮಾರ್ಕೆಟ್ ಯಾರ್ಡ್‌ಗೆ ಈರುಳ್ಳಿ ಹೊಡೆಯುವ ಪಿಕಪ್ಪು ಖಾಲಿ ಇದ್ದಾಗ ಹಿಂದೆ ಕುಣಿಯುತ್ತೆ, ಖಂಬಾಟ್ಕಿ ಘಾಟಿನ ತಿರುವಲ್ಲಿ ಓಲಾಡುತ್ತೆ, ಎಡಗಡೆ ಶಾಕ್‌ನಿಂದ ಆಯಿಲ್ ಸೋರ್ತಿದೆ, ಯಾವುದು ಹಾಕಲಿ ಅಂತ ಕೇಳಿದ್ದೆ.

ಗ್ಯಾಸ್ ತುಂಬಿದ ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆಯ) ಶಾಕ್ ಹಾಕಿ ಅಂದವರ ಮಾತೇ ನಿಜವಾಯ್ತು. ಎರಡೂ ಕಡೆ ಜೋಡಿಯಾಗೇ ಬದಲಿಸಿದೆ, ಓಲಾಟ ನಿಂತಿದೆ. ಕೊಳ್ಳುವಾಗ ಅಳತೆ ನೋಡಲೇಬೇಕು: ಪೂರ್ತಿ ಎಳೆದಾಗಿನ ಉದ್ದ, ಪೂರ್ತಿ ಒತ್ತಿದಾಗಿನ ಉದ್ದ, ಬೋಲ್ಟ್ ಕೂರುವ ರಬ್ಬರ್ ಬುಷ್ಷಿನ ತೂತು. ಒತ್ತಿದಾಗಿನ ಉದ್ದ ಜಾಸ್ತಿಯಿದ್ದರೆ ಲೋಡ್ ಗಾಡಿ ಗುಂಡಿಗೆ ಬಿದ್ದಾಗ ಬಂಪ್ ಸ್ಟಾಪ್ (ಆಕ್ಸಲ್ ತೀರಾ ಮೇಲೇರದಂತೆ ತಡೆಯುವ ರಬ್ಬರ್ ತುಂಡು) ತಗುಲುವ ಮೊದಲೇ ಶಾಕ್ ತಳ ಮುಟ್ಟಿ ಒಳಗಿನ ವಾಲ್ವ್ ಹಾಳಾಗುತ್ತೆ.

ಒಂದು ಪಟ್ಟಾ (ಲೀಫ್ ಸ್ಪ್ರಿಂಗ್‌ನ ಎಲೆ) ಜಾಸ್ತಿ ಹಾಕಿಸಿ ಅಂದಿದ್ದು ಫಲ ಕೊಡಲಿಲ್ಲ. ಖಾಲಿ ಗಾಡಿ ಇನ್ನೂ ಕುಣೀತು, ತೆಗೆಸಿದೆ. ಹೆವಿ ಶಾಕ್ ಹಾಕಿದ್ರೆ ಹಿಂಭಾಗ ಏಳುತ್ತೆ ಅನ್ನೋದೂ ಸುಳ್ಳೇ. ಭಾರ ಹೊರೋದು ಪಟ್ಟಾ, ಶಾಕ್ ಬರೀ ಕುಣಿತ ತಡೆಯುತ್ತೆ.

ಆಶ್ಚರ್ಯ ಅಂದ್ರೆ, ಹಿಂದಿನಿಂದ ಬರ್ತಿದ್ದ ಟಕ್ ಟಕ್ ಸದ್ದು ಶಾಕ್‌ನದ್ದೇ ಅಲ್ಲ! ಪಟ್ಟಾದ ತುದಿಯನ್ನ ಚಾಸಿಗೆ ಜೋಡಿಸುವ ಕೊಂಡಿಯ (ಶ್ಯಾಕಲ್) ಬುಷ್ ಸವೆದಿತ್ತು. ಸಣ್ಣ ಖರ್ಚು, ಮೊದಲು ಅದನ್ನೇ ನೋಡಿ.

ಫಿಟ್ಟಿಂಗ್ ವೇಳೆ ಮೆಕ್ಯಾನಿಕ್ ಪಕ್ಕದಲ್ಲೇ ನಿಲ್ಲಿ. ಜಾಕ್ ಮೇಲೆ ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಬಿಗಿದರೆ ಗಾಡಿ ಇಳಿದ ಮೇಲೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತೆ. ಸಡಿಲ ಕೂರಿಸಿ, ಗಾಡಿ ನೆಲಕ್ಕಿಳಿಸಿ, ಆಮೇಲೆ ಬಿಗಿಸಿ.