‘ಡಿಗ್ರೇಡೆಡ್ ಲ್ಯಾಂಡ್’ಗೆ ‘ಬಂಜರು’ ಸರಿಯೇ? ನಾಳೆ ಬೋರ್ಡ್ ಬರೆಸಬೇಕು

ಸಾಗರದಿಂದ:
ನಮ್ಮೂರ ಗ್ರಾಮ ಅರಣ್ಯ ಸಮಿತಿಯವರು ಸೊಪ್ಪಿನಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡುಗುಡ್ಡ) ಸುತ್ತ ಅಗಳ ಹೊಡೆಸಿ, ಇಂಗುಗುಂಡಿ ತೆಗೆಸಿ, ನೇರಳೆ, ಮತ್ತಿ, ಉಪ್ಪಾಗೆ ನೆಟ್ಟಿದ್ದಾರೆ. ಅಲ್ಲಿಗೊಂದು ತಗಡಿನ ಬೋರ್ಡು ಬೇಕು. ಕರಪತ್ರದ ಅನುವಾದವೂ ನನ್ನ ತಲೆಗೇ ಬಂದಿದೆ. 2030ರೊಳಗೆ 2.6 ಕೋಟಿ ಹೆಕ್ಟೇರ್ ‘ಡಿಗ್ರೇಡೆಡ್’, ಅಂದರೆ ಸತ್ವ ಕಳೆದುಕೊಂಡ ನೆಲವನ್ನು ಸರಿಪಡಿಸುವುದಾಗಿ ಭಾರತ ಮಾತು ಕೊಟ್ಟಿದೆಯಲ್ಲ, ಅಲ್ಲಿಂದ ಶುರು. ‘ಬಂಜರು ಭೂಮಿ ಪುನಶ್ಚೇತನ’ ಎಂದು ಬರೆದೆ. ತೋಟದ ಹಿರಿಯರೊಬ್ಬರು ಓದಿ, ‘ನಮ್ಮ ಬೆಟ್ಟವನ್ನು ಬಂಜರು ಎನ್ನಲು ನೀನು ಯಾರು?’ ಎಂದು ಕಾಗದ ವಾಪಸು ಕೊಟ್ಟರು.

ಶಿವಮೊಗ್ಗದಿಂದ:
‘ಅವನತ ಭೂಮಿ’. ಮುಗಿಯಿತು. ‘ಪುನಃಶ್ಚೇತನ’ ಎಂದು ಮಾತ್ರ ಬರೆಸಬೇಡಿ. ಸಂಧಿಯಾದ ಮೇಲೂ ವಿಸರ್ಗ ಉಳಿಸಿಕೊಂಡ ಫಲಕಗಳನ್ನು ನೋಡಿ ಸಾಕಾಗಿದೆ.

ತೀರ್ಥಹಳ್ಳಿಯಿಂದ:
‘ಅವನತ’ವನ್ನು ದನ ಕಾಯುವವರಿಗೆ ಓದಿ ಹೇಳಿ ನೋಡಿ. ಹಿರಿಯರ ಸಿಟ್ಟು ನ್ಯಾಯವಾದದ್ದೇ. ಬಂಜರು ಕಂದಾಯದ ಕಾಗದದ ಮಾತು. ಸೊಪ್ಪಿನಬೆಟ್ಟ ಹುಟ್ಟಾ ಹಾಗಿದ್ದದ್ದಲ್ಲ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು (ಒಣಗಿದ ಎಲೆ) ಎಂದು ವರ್ಷ ವರ್ಷವೂ ಸವರಿದೆವು. ಮೇಲ್ಮಣ್ಣು ಮಳೆಗೆ ಜಾರಿ ಅಡಿಯ ಜಂಬಿಟ್ಟಿಗೆ ಕಲ್ಲು ಎದ್ದು ಕಂಡಿತು. ಅದು ಬೋಳಾದ ಬೆಟ್ಟ, ಬರಡಲ್ಲ. ಕತ್ತಿ ತಾಗದಿದ್ದರೆ ಕಡಿದ ಬುಡವೇ ಚಿಗುರುತ್ತದೆ. ಪುನಶ್ಚೇತನವೂ ಬೇಡ, ‘ಹದಕ್ಕೆ ತರುವುದು’ ಎನ್ನಿ. ಹಳಗನ್ನಡದ ‘ಪಾಲ್’ ‘ಹಾಲು’ ಆದಂತೆ ‘ಪದ’ವೇ ‘ಹದ’ವಾದದ್ದು, ಅಚ್ಚಗನ್ನಡ.

ಶಿವಮೊಗ್ಗದಿಂದ:
ಹದ ಗದ್ದೆಗೆ. ಬೆಟ್ಟಕ್ಕೆ ಹದ ಎಂದರೆ ಶುಂಠಿ ಹಾಕಲು ಹೊರಟಿದ್ದೀರಿ ಎಂದುಕೊಳ್ಳುತ್ತಾರೆ. ಅಚ್ಚಗನ್ನಡದವರು ಮೊದಲು ‘ಜಮೀನು’ ಬಿಡಲಿ, ಅದು ಪಾರಸಿ. ‘ಪಹಣಿ’ ಬಿಡಲಿ, ಅದು ಮರಾಠಿ.

ತೀರ್ಥಹಳ್ಳಿಯಿಂದ:
ಜಮೀನನ್ನು ಉಳುವವರು ಬಾಯಿಗೆ ಹಾಕಿಕೊಂಡರು, ಉಳಿಯಿತು. ನಿಮ್ಮ ‘ಅವನತ’ ಕಡತ ಬಿಟ್ಟು ಹೊರಗೆ ಬಂದಿದೆಯೇ? ಅಕೇಶಿಯಾ ಹೊರಗಿನ ಹೆಸರನ್ನೇ ಹೊತ್ತು ನಮ್ಮ ಗುಡ್ಡಗಳನ್ನೆಲ್ಲ ತುಂಬಿತಲ್ಲ, ಆಗ ನೀವು ಯಾವ ತತ್ಸಮ ಹುಡುಕಿದಿರಿ?

ಸಾಗರದಿಂದ:
ಬೋರ್ಡ್ ಬರೆಯುವವರು ಬಂದು ಹೋದರು. ‘ಸೊಪ್ಪಿನಬೆಟ್ಟ ಬೆಳೆಯುತ್ತಿದೆ. ದನ ಬಿಡಬೇಡಿ’ ಎಂದು ಬರೆಸಿದೆ, ಹಿರಿಯರು ಒಪ್ಪಿದರು. ಕರಪತ್ರ ಬಾಕಿ ಇದೆ. 2.6 ಕೋಟಿ ಹೆಕ್ಟೇರೂ ಬೆಟ್ಟವಲ್ಲವಲ್ಲ. ‘ಸವೆದ ನೆಲ’ ಎನ್ನಬಹುದೇ? ‘ಹಾಳಾದ ನೆಲ’ ಎಂದು ಬರೆದಿದ್ದೆ. ಜೋರಾಗಿ ಓದಿದಾಗ ಬೈದ ಹಾಗೆ ಕೇಳಿಸಿತು.